ವಿಕ್ಟೋರಿಯಾ ಕಾಲದ ಮಕ್ಕಳ ಹೆಸರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೆಯ ಹೆಸರುಗಳ ಬೆನ್ನು ಹತ್ತಿ ಹಲವು ವರ್ಷಗಳಾದವು. ಮದುವೆಮನೆಯಲ್ಲಿ ಸಿಕ್ಕವರು, ಪತ್ರ ಬರೆದವರು, ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೋಗಿಬಂದ ಅಜ್ಜಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲು ತಿಳಿಯಬೇಕಾದವು

ವಿಕ್ಟೋರಿಯಾ ಕಾಲ ಅಂದ್ರೆ ಯಾವ ವರ್ಷದಿಂದ ಯಾವ ವರ್ಷದವರೆಗೆ?

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು, ತೀರಿಕೊಂಡದ್ದು 1901ರ ಜನವರಿ 22ರಂದು. ಈ ಅರವತ್ತಮೂರು ವರ್ಷಗಳ ನಡುವೆ ಬ್ರಿಟನ್ನಿನಲ್ಲಿ ಹುಟ್ಟಿದವರ ಹೆಸರುಗಳೇ ನಮ್ಮ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೂ ಅದೇ 1837ರ ಜುಲೈ 1ರಂದು. ಸ್ಕಾಟ್ಲೆಂಡಿನಲ್ಲಿ 1855ರಿಂದ, ಐರ್ಲೆಂಡಿನಲ್ಲಿ 1864ರಿಂದ. ಅದಕ್ಕೂ ಹಿಂದಿನವರಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ.

ಇದನ್ನೆಲ್ಲ ಒಂದೇ ಕಾಲ ಅಂದುಕೊಳ್ಳಬೇಡಿ. 1840ರ ಹೆಸರಿಗೂ 1895ರ ಹೆಸರಿಗೂ ಅಜ್ಜಿ ಮೊಮ್ಮಗಳ ಅಂತರವಿದೆ. ಅಜ್ಜಿ ಹ್ಯಾನಾ ಅಥವಾ ಸಾರಾ ಆಗಿದ್ದರೆ, ಮೊಮ್ಮಗಳು ಡೋರಿಸ್, ಗ್ಲಾಡಿಸ್, ಐವಿ.

ಎಲ್ಲರೂ ಮಗಳಿಗೆ ವಿಕ್ಟೋರಿಯಾ ಅಂತಲೇ ಹೆಸರಿಡ್ತಿದ್ರಾ?

ಇಲ್ಲ. ಅತಿ ಹೆಚ್ಚು ಕೇಳಿಬರುತ್ತಿದ್ದ ಹೆಸರು ಮೇರಿ. ಆಮೇಲೆ ಎಲಿಜಬೆತ್, ಸಾರಾ, ಆನ್. ಗಂಡುಮಕ್ಕಳಲ್ಲಿ ವಿಲಿಯಂ, ಜಾನ್, ಜಾರ್ಜ್, ಥಾಮಸ್, ಜೇಮ್ಸ್.

ರಾಣಿಗೂ ಆ ಹೆಸರು ಎರಡನೆಯದೇ. 1819ರಲ್ಲಿ ಆಕೆಗೆ ಇಟ್ಟದ್ದು ಅಲೆಕ್ಸಾಂಡ್ರಿನಾ ವಿಕ್ಟೋರಿಯಾ ಅಂತ. ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್ ಮತ್ತು ತಾಯಿ ವಿಕ್ಟೋರಿಯಾ, ಇಬ್ಬರ ನೆನಪಿಗೆ. ಮನೆಯವರು ಕರೆಯುತ್ತಿದ್ದದ್ದು ಡ್ರಿನಾ. ಪಟ್ಟವಾದ ಮೇಲೆ ಆಕೆಯೇ ಮೊದಲ ಹೆಸರನ್ನು ಬಿಟ್ಟಳು. ವಿಕ್ಟೋರಿಯಾ ಅಂದರೆ ಜಯ. ನಮ್ಮ ವಿಜಯ, ಜಯಮ್ಮ ಅದೇ ಅರ್ಥದವು.

ನಿಜವಾಗಿ ಹಬ್ಬಿದ್ದು ಗಂಡನ ಹೆಸರು. 1840ರಲ್ಲಿ ಆಕೆ ಜರ್ಮನಿಯ ಆಲ್ಬರ್ಟ್‌ನನ್ನು ಮದುವೆಯಾಗುವ ಮೊದಲು ಇಂಗ್ಲೆಂಡಿನಲ್ಲಿ ಆ ಹೆಸರು ಅಪರೂಪ. 1861ರ ಡಿಸೆಂಬರ್ 14ರಂದು ಆತ ತೀರಿಕೊಂಡ ಮೇಲೆ ಬೀದಿಗೊಬ್ಬ ಆಲ್ಬರ್ಟ್, ಮನೆಗೊಬ್ಬ ಬರ್ಟ್ ಆದ. ಕುಲೀನ ಮತ್ತು ಪ್ರಕಾಶ ಎಂಬ ಎರಡು ಜರ್ಮನ್ ಪದಗಳು ಅದರೊಳಗಿವೆ. 1895ರ ಅದೇ ಡಿಸೆಂಬರ್ 14ರಂದು ರಾಜಮನೆತನದಲ್ಲಿ ಮರಿಮಗನೊಬ್ಬ ಹುಟ್ಟಿದಾಗ ಅವನಿಗೂ ಆಲ್ಬರ್ಟ್ ಅಂತಲೇ ಹೆಸರಿಟ್ಟರು. ಮುಂದೆ ಅವನೇ ಆರನೇ ಜಾರ್ಜ್ ದೊರೆ.

ನಾವು ಅರ್ಥ ನೋಡಿ ಹೆಸರಿಡ್ತೀವಿ. ಅವರೂ ಹಾಗೇನಾ?

ಬಹುಪಾಲು ಅಲ್ಲ. ಈ ವಿಷಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಒಂದೇ ಮಾತು ಇದು: ಅರ್ಥ ನಿಘಂಟಿನಲ್ಲಿ ಸಿಗುತ್ತದೆ, ಕಾರಣ ಆ ಮನೆಯಲ್ಲಿ ಸಿಗುತ್ತದೆ. ಜಾರ್ಜ್ ಎಂಬುದರ ಗ್ರೀಕ್ ಅರ್ಥ ಭೂಮಿ ಉಳುವವನು, ನಮ್ಮ ಮಾತಿನಲ್ಲಿ ಒಕ್ಕಲಿಗ. ಥಾಮಸ್ ಅಂದರೆ ಅವಳಿ. ಫಿಲಿಪ್ ಅಂದರೆ ಕುದುರೆಪ್ರಿಯ. ಮಗುವಿಗೆ ಜಾರ್ಜ್ ಅಂತ ಹೆಸರಿಟ್ಟ ತಾಯಿಗೆ ನೇಗಿಲು ನೆನಪಾಗುತ್ತಿರಲಿಲ್ಲ. ತನ್ನ ಅಪ್ಪ, ಅಣ್ಣ, ಇಲ್ಲವೇ ಹಳೆಯ ದೊರೆ ನೆನಪಾಗುತ್ತಿದ್ದರು.

ಅರ್ಥದ ಕುತೂಹಲ ಓದುಬರಹ ಬಲ್ಲವರಲ್ಲಿ ಆಗಲೇ ಹುಟ್ಟಿತ್ತು. ಷಾರ್ಲಟ್ ಯಂಗ್ ಎಂಬಾಕೆ 1863ರಲ್ಲಿ ಕ್ರೈಸ್ತ ಹೆಸರುಗಳ ಚರಿತ್ರೆಯನ್ನೇ ಎರಡು ಸಂಪುಟಗಳಲ್ಲಿ ಬರೆದು ಪ್ರಕಟಿಸಿದಳು. ಆದರೆ ಗಣಿ ಕೆಲಸದವನ ಮನೆಯಲ್ಲಿ ಹೆಸರು ಬರುತ್ತಿದ್ದದ್ದು ಅಜ್ಜಿಯಿಂದ, ಬೈಬಲಿನಿಂದ, ಪೇಟೆಯ ಸುದ್ದಿಯಿಂದ.

## ಹೆಸರುಗಳು, ಅವುಗಳ ಅರ್ಥ

ಲಿಲಿ, ಡೇಸಿ, ವಾಯ್ಲೆಟ್ ಅಂತ ಹೂವಿನ ಹೆಸರುಗಳು ಯಾವಾಗ ಬಂದ್ವು?

ಒಂದೆರಡು ಹಳೆಯವೇ. ಗುಂಪಾಗಿ ಬಂದದ್ದು ಆ ಕಾಲದ ಕೊನೆಯ ಭಾಗದಲ್ಲಿ. ನನಗೆ ಬಲು ಇಷ್ಟವಾದದ್ದು ಡೇಸಿ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹಗಲಿನ ಕಣ್ಣು’. ಹುಲ್ಲಿನ ನಡುವೆ ಅರಳುವ ಈ ಪುಟ್ಟ ಬಿಳಿ ಹೂವು ಬೆಳಗಾದರೆ ತೆರೆಯುತ್ತದೆ, ಸಂಜೆಯಾದರೆ ಎಸಳು ಮುಚ್ಚುತ್ತದೆ. ಇನ್ನೊಂದು ಚೆಂದವೂ ಇದೆ. ಫ್ರೆಂಚಿನಲ್ಲಿ ಈ ಜಾತಿಯ ಹೂವಿಗೆ ಮಾರ್ಗರೀಟ್ ಎನ್ನುತ್ತಾರೆ. ಹಾಗಾಗಿ ಮಾರ್ಗರೆಟ್ ಎಂಬ ಹುಡುಗಿಯನ್ನು ಮನೆಯಲ್ಲಿ ಡೇಸಿ ಎಂದು ಕರೆಯುವುದು ರೂಢಿಯಾಯಿತು. ಮಾರ್ಗರೆಟ್ ಎಂಬ ಗ್ರೀಕ್ ಪದಕ್ಕೆ ಮಾತ್ರ ಮುತ್ತು ಎಂದು ಅರ್ಥ. ಒಬ್ಬಳೇ ಹುಡುಗಿ, ಕಾಗದದಲ್ಲಿ ಮುತ್ತು, ಮನೆಯಲ್ಲಿ ಹೂವು.

ಲಿಲಿಯೂ ಹಾಗೆಯೇ: ಎಷ್ಟೋ ಸಲ ಎಲಿಜಬೆತ್‌ನ ಮುದ್ದಿನ ರೂಪ. ರೋಸ್ ಇಂದು ಗುಲಾಬಿ, ಆದರೆ ಮಧ್ಯಯುಗದಲ್ಲಿ ಅದು ಕೀರ್ತಿ ಎಂಬ ಅರ್ಥದ ಜರ್ಮನ್ ಪದದಿಂದ ಬಂದ ಹೆಸರು. ಹೂವು ಆಮೇಲೆ ಬಂದು ಸೇರಿಕೊಂಡಿತು. ಐರಿಸ್ ಗ್ರೀಕಿನಲ್ಲಿ ಕಾಮನಬಿಲ್ಲು. ಐವಿ ಹೂವಲ್ಲ, ಬಳ್ಳಿ. ಹಿಮದಲ್ಲೂ ಹಸಿರಾಗಿದ್ದು, ಹಿಡಿದ ಗೋಡೆಯನ್ನು ಬಿಡದ ಬಳ್ಳಿಯಾದ್ದರಿಂದ ನಿಷ್ಠೆಯ ಗುರುತು. ಮರ್ಟಲ್ ಮದುವೆಯ ಸೊಪ್ಪು. ರಾಣಿಯ ಹಿರಿಮಗಳು 1858ರಲ್ಲಿ ಮದುವೆಯಾದಾಗಿನಿಂದ ಅರಮನೆಯ ಮದುವಣಗಿತ್ತಿಯರ ಹೂಗೊಂಚಲಿನಲ್ಲಿ ಅದರ ಒಂದು ಕುಡಿ ಇರುತ್ತದೆ.

ಪರ್ಲ್, ರೂಬಿ ಗೊತ್ತು. ಬೆರಿಲ್ ಅಂದ್ರೇನು?

ವೈಡೂರ್ಯ! ಅರ್ಥ ಮಾತ್ರವಲ್ಲ, ಪದವೇ ಅದು. ಪ್ರಾಕೃತದಲ್ಲಿ ವೇರುಲಿಯ, ಅಲ್ಲಿಂದ ಗ್ರೀಕಿಗೆ ಹೋಗಿ ಬೆರಿಲ್ಲೋಸ್, ಲ್ಯಾಟಿನ್ ದಾಟಿ ಇಂಗ್ಲಿಷಿನಲ್ಲಿ ಬೆರಿಲ್. ಮೂಲ ಪದ ದ್ರಾವಿಡದ್ದಿರಬೇಕು ಎಂಬುದು ಹಲವು ನಿಘಂಟುಕಾರರ ಅಭಿಪ್ರಾಯ. ಓಪಲ್ ಕೂಡ ಸಂಸ್ಕೃತದ ಉಪಲ, ಅಂದರೆ ಕಲ್ಲು, ಎಂಬುದರ ಕಡೆಗೇ ಕೈ ತೋರಿಸುತ್ತದೆ. ಗಾರ್ನೆಟ್ ದಾಳಿಂಬೆಯಿಂದ ಬಂದದ್ದು. ಕಾಳಿನ ಕೆಂಪು ನೆನೆಸಿಕೊಳ್ಳಿ. ಪರ್ಲ್ ಮುತ್ತು, ರೂಬಿ ಮಾಣಿಕ್ಯ. ಮುತ್ತಮ್ಮ, ರತ್ನಮ್ಮ, ಮಾಣಿಕಮ್ಮ ಇರುವ ನಮ್ಮ ಊರುಗಳಿಗೆ ಇವು ಹೊಸತೇನಲ್ಲ.

ಈಡಿತ್, ಎಥೆಲ್, ಆಲ್ಫ್ರೆಡ್... ಇವೆಲ್ಲ ಎಲ್ಲಿಂದ ಬಂದ್ವು?

ಸಾವಿರ ವರ್ಷದ ಹಿಂದಿನಿಂದ. ರೈಲು, ಕಾರ್ಖಾನೆ, ಹೊಗೆಯ ಆ ಯುಗಕ್ಕೆ ಹಳೆಯ ಕಾಲದ ಮೇಲೆ ವಿಪರೀತ ಮೋಹವಿತ್ತು. ಹೊಸ ಚರ್ಚುಗಳನ್ನು ಮಧ್ಯಯುಗದ ಶೈಲಿಯಲ್ಲಿ ಕಟ್ಟಿದ ಹಾಗೆಯೇ, ಮರೆತುಹೋಗಿದ್ದ ಆಂಗ್ಲೋ-ಸ್ಯಾಕ್ಸನ್ ಹೆಸರುಗಳನ್ನು ಮಣ್ಣಿನಿಂದ ಎತ್ತಿ ತೊಳೆದು ತೊಟ್ಟಿಲಿಗೆ ತಂದರು. ರಾಣಿಯೂ ತನ್ನ ಮಗನಿಗೆ 1844ರಲ್ಲಿ ಆಲ್ಫ್ರೆಡ್ ಎಂದು ಹೆಸರಿಟ್ಟಳು.

ಈ ಹೆಸರುಗಳು ವಿಜಯಲಕ್ಷ್ಮಿಯಂತೆ ಎರಡು ಪದ ಕೂಡಿ ಆದವು. ಒಂದು ಕೀಲಿ ಕೊಡುತ್ತೇನೆ: ಮೊದಲಿಗೆ ‘ಎಡ್’ ಇದ್ದರೆ ಸಿರಿ. ಎಡ್ವರ್ಡ್ ಸಿರಿ ಕಾಯುವವನು, ಎಡ್ವಿನ್ ಸಿರಿಯ ಗೆಳೆಯ, ಎಡ್ಗರ್ ಸಿರಿ ಮತ್ತು ಈಟಿ, ಎಡ್ಮಂಡ್ ಸಿರಿ ಮತ್ತು ರಕ್ಷೆ. ಈಡಿತ್ ಅದೇ ಬಳಗದ ಹೆಣ್ಣು: ಸಿರಿ ಮತ್ತು ಯುದ್ಧ, ನಮ್ಮ ಧನಂಜಯನಿಗೆ ಹತ್ತಿರದ ಸಂಬಂಧಿ. ಎಥೆಲ್ ಅಂದರೆ ಕುಲೀನೆ. ಎಥೆಲ್‌ಡ್ರೆಡಾದಂಥ ಉದ್ದ ಹೆಸರಿನ ತುಂಡು. ಆಲ್ಫ್ರೆಡ್ ಯಕ್ಷರ ಬುದ್ಧಿ ಪಡೆದವನು. ಮಿಲ್ಡ್ರೆಡ್ ಮೃದುತ್ವ ಮತ್ತು ಬಲ. ಹ್ಯಾರಲ್ಡ್ ದಂಡನಾಯಕ. ಹಿಲ್ಡಾ ಅಂದರೆ ಯುದ್ಧ, ಮಾಡ್ ಅಂದರೆ ಬಲ ಮತ್ತು ಯುದ್ಧ. ಕುಸುರಿ ಹಾಕುತ್ತ ಕೂತ ಸೌಮ್ಯ ಹುಡುಗಿಯರಿಗೆಲ್ಲ ಕದನದ ಹೆಸರುಗಳು.

ಆಲಿಸ್ ಮತ್ತು ಅಡಿಲೇಡ್ ಒಂದೇ ಬೇರಿನವು, ಎರಡಕ್ಕೂ ಕುಲೀನತೆಯ ಅರ್ಥ. ಮೇಬಲ್ ಲ್ಯಾಟಿನ್ನಿನಿಂದ, ‘ಪ್ರೀತಿಗೆ ತಕ್ಕವಳು’. ಡೊರೊತಿ ಮತ್ತು ಥಿಯಡೋರ್ ಇಬ್ಬರೂ ಗ್ರೀಕಿನ ದೇವದತ್ತರು.

ಹೆಫ್ಜಿಬಾ, ಕೆಜಾಯಾ ಅಂತೆಲ್ಲ ನಿಜವಾಗ್ಲೂ ಮಕ್ಕಳಿಗೆ ಇಡ್ತಿದ್ರಾ?

ಇಡುತ್ತಿದ್ದರು, ಅದೂ ಪ್ರೀತಿಯಿಂದ. ಹಳ್ಳಿಗಳಲ್ಲಿ, ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರ ಮನೆಗಳಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ಮೂಲೆಮೂಲೆಯ ಹೆಸರೂ ಬಳಕೆಯಲ್ಲಿತ್ತು. ಹೆಫ್ಜಿಬಾ ಅಂದರೆ ‘ನನ್ನ ಸಂತೋಷವೆಲ್ಲ ಅವಳಲ್ಲಿ’. ಮಗಳಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಗೊತ್ತಿಲ್ಲ. ಎಬಿನೀಜರ್ ‘ನೆರವಿನ ಕಲ್ಲು’. ಹೊಸ ಒಡಂಬಡಿಕೆಯ ಟ್ಯಾಬಿತಾ, ಡಾರ್ಕಸ್ ಎರಡೂ ಜಿಂಕೆ, ಒಂದು ಅರಮಾಯಿಕ್, ಒಂದು ಗ್ರೀಕ್.

ಬೈಬಲಿನ ಯೋಬನ ಕಥೆ ನೆನಪಿದೆಯೇ? ಮಕ್ಕಳು, ದನಕರು, ಮೈಯ ಆರೋಗ್ಯ ಎಲ್ಲ ಕಳೆದುಕೊಂಡ ಮೇಲೆ ಅವನಿಗೆ ಮತ್ತೆ ಮೂವರು ಹೆಣ್ಣುಮಕ್ಕಳು ಹುಟ್ಟುತ್ತಾರೆ. ಜೆಮೈಮಾ ಪಾರಿವಾಳ, ಕೆಜಾಯಾ ದಾಲ್ಚಿನ್ನಿಯಂಥ ಪರಿಮಳದ ತೊಗಟೆ, ಕೆರನ್‌ಹಪ್ಪುಕ್ ಅಂದರೆ ಕಾಡಿಗೆ ತುಂಬಿದ ಕೊಂಬು. ಕಷ್ಟ ಕಳೆದು ಹುಟ್ಟಿದ ಮಕ್ಕಳ ಹೆಸರು ಎಂಬ ಕಾರಣಕ್ಕೇ ಇವನ್ನು ಆರಿಸಿದವರು ಇದ್ದಿರಲೇಬೇಕು.

ಸೆಪ್ಟಿಮಸ್ ಅನ್ನೋದು ಸೆಪ್ಟೆಂಬರಲ್ಲಿ ಹುಟ್ಟಿದವನಿಗಾ?

ಅಲ್ಲ, ಏಳನೆಯವನಿಗೆ. ಆಕ್ಟೇವಿಯಸ್ ಎಂಟನೆಯವನು, ಡೆಸಿಮಸ್ ಹತ್ತನೆಯವನು. ಲಂಡನ್ನಿನ ಬಡವರ ಮನೆಗಳಿಗಾಗಿ ದುಡಿದ ಆಕ್ಟೇವಿಯಾ ಹಿಲ್ 1838ರಲ್ಲಿ ಹುಟ್ಟಿದ್ದು ತಂದೆಯ ಎಂಟನೆಯ ಮಗಳಾಗಿ.

ಯುದ್ಧ ನಡೆದ ಊರಿನ ಹೆಸರನ್ನೂ ಮಕ್ಕಳಿಗೆ ಇಟ್ಟಿದ್ದಾರಂತೆ?

ಹೌದು. 1854ರ ಸೆಪ್ಟೆಂಬರ್‌ನಲ್ಲಿ ಕ್ರಿಮಿಯಾದ ಆಲ್ಮಾ ನದಿಯ ದಂಡೆಯಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಗೆದ್ದಾಗ ಊರೂರಲ್ಲಿ ಆಲ್ಮಾಗಳು ಹುಟ್ಟಿದರು. ಲ್ಯಾಟಿನ್ನಿನಲ್ಲಿ ಆಲ್ಮಾ ಎಂದರೆ ಪೊರೆಯುವವಳು ಎಂಬ ಅರ್ಥವೂ ಇದೆ. ಅಪ್ಪ ಅಮ್ಮನ ಮನಸ್ಸಿನಲ್ಲಿದ್ದದ್ದು ಮಾತ್ರ ನದಿ. ಬ್ರಿಟಿಷ್ ಸೇನಾನಿ ಜನರಲ್ ಗಾರ್ಡನ್ 1885ರಲ್ಲಿ ಸುಡಾನಿನ ಖಾರ್ಟೂಮಿನಲ್ಲಿ ಸತ್ತ ಮೇಲೆ ಗಾರ್ಡನ್ ಎಂಬ ಮನೆತನದ ಹೆಸರು ಮಕ್ಕಳ ಹೆಸರಾಯಿತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ ಸೇನಾಪತಿ ಬುಲ್ಲರ್‌ನ ಮೊದಲ ಹೆಸರಾದ ರೆಡ್ವರ್ಸ್ ತೊಟ್ಟಿಲು ಸೇರಿತು.

ಫ್ಲಾರೆನ್ಸ್‌ನ ದಾರಿ ಬೇರೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1820ರಲ್ಲಿ ಹುಟ್ಟಿದ್ದಕ್ಕೆ ನೈಟಿಂಗೇಲ್ ದಂಪತಿ ಮಗಳಿಗೆ ಆ ಹೆಸರಿಟ್ಟರು. ನೇಪಲ್ಸ್‌ನಲ್ಲಿ ಹುಟ್ಟಿದ ಅಕ್ಕನಿಗೆ ಆ ಊರಿನ ಗ್ರೀಕ್ ಹೆಸರಾದ ಪಾರ್ಥೆನೋಪಿ. ಕ್ರಿಮಿಯಾದ ಗಾಯಾಳುಗಳ ಆರೈಕೆಯಿಂದ ತಂಗಿ ಮನೆಮಾತಾದಳು, ಅವಳ ಹೆಸರು ಲಕ್ಷಾಂತರ ಮನೆ ಸೇರಿತು. ಅಕ್ಕನ ಹೆಸರನ್ನು ಯಾರೂ ಎತ್ತಿಕೊಳ್ಳಲಿಲ್ಲ.

## ಮನೆಯೊಳಗೆ

ಮೇರಿ ಅನ್ನೋಳನ್ನ ಪಾಲಿ ಅಂತ ಯಾಕೆ ಕರೀತಿದ್ರು?

ಮೇರಿ ಮಾಲಿಯಾಯಿತು, ಮಾಲಿ ಪ್ರಾಸಕ್ಕೆ ಪಾಲಿಯಾಯಿತು. ಮಾರ್ಗರೆಟ್ ಮೊದಲು ಮೆಗ್, ಮೆಗ್ಗಿ, ಆಮೇಲೆ ಪೆಗ್ಗಿ. ರಿಚರ್ಡ್ ರಿಕ್ ಆಗಿ ಡಿಕ್ ಆದ. ಎಲಿನರ್, ಎಲೆನ್, ಹೆಲೆನ್ ಮೂವರೂ ನೆಲ್. ಅಜ್ಜಿ, ತಾಯಿ, ಮಗಳು ಮೂವರೂ ಮೇರಿಯಾಗಿರುವ ಮನೆಯಲ್ಲಿ ಇದು ಅಗತ್ಯವೂ ಆಗಿತ್ತು. ನಮ್ಮಲ್ಲಿ ಮಾವನ ಹೆಸರನ್ನೇ ಮಗನಿಗೆ ಇಟ್ಟಾಗ ಸೊಸೆ ಅದನ್ನು ಬಾಯಲ್ಲಿ ಹೇಳಲಾರದೆ ಪುಟ್ಟ, ಅಪ್ಪು ಎಂದು ಕರೆಯುತ್ತಿದ್ದಳಲ್ಲ, ಕಾರಣ ಬೇರೆಯಾದರೂ ಫಲ ಅದೇ.

ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ ಅಲ್ಲೂ ಇತ್ತಾ?

ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಬಲವಾಗಿಯೇ ಇತ್ತು. ಹಿರಿಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ. ಹಿರಿಮಗಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ತಾಯಿಯ ತವರುಮನೆತನದ ಹೆಸರನ್ನು ಮಗುವಿನ ನಡುವಿನ ಹೆಸರಾಗಿ ಸೇರಿಸುವುದೂ ಇತ್ತು. ವಂಶ ಹುಡುಕುವವರಿಗೆ ಆ ನಡುವಿನ ಹೆಸರು ಚಿನ್ನ.

ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಂದೇ ಹೆಸರು ಸಿಕ್ಕಿದೆ. ಬರೆಯೋವಾಗ ತಪ್ಪಾಗಿದ್ಯಾ?

ತಪ್ಪಲ್ಲ. ಹೆಚ್ಚಾಗಿ, ಮೊದಲನೆಯ ಮಗು ತೀರಿಕೊಂಡಿರುತ್ತದೆ. ಅಡ್ಡದಾರಿ ಹಿಡಿಯಬೇಡಿ, ಅದೇ ಊರಿನ ಮರಣ ದಾಖಲೆ ನೋಡಿ, ಬಹುಶಃ ಅಲ್ಲಿಯೇ ಸಿಗುತ್ತದೆ.

ಆ ಇಡೀ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಹೋದ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಯುರೋಪಿನ ತುಂಬ ಇತ್ತು. ನೆದರ್ಲೆಂಡ್ಸ್‌ನ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ದಿನ ಸತ್ತು ಹುಟ್ಟಿದ್ದ ಅಣ್ಣನ ಹೆಸರೂ ವಿನ್ಸೆಂಟ್. ಕೆಲವರಿಗೆ ಅದು ಅಜ್ಜನ ಹೆಸರು ಉಳಿಸುವ ಕರ್ತವ್ಯ, ಕೆಲವರಿಗೆ ನೆನಪು.

ನಮ್ಮ ಕಡೆ ಇದಕ್ಕೆ ತದ್ವಿರುದ್ಧ. ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆದರು, ಸಾವಿನ ಕಣ್ಣಿಗೆ ಬೇಡವಾಗಲಿ ಎಂದು. ಹಳೆಯ ದಂಡುಪ್ರದೇಶದ ಸ್ಮಶಾನವೊಂದರಲ್ಲಿ ಮೊಣಕಾಲೆತ್ತರದ ಕಲ್ಲೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿ ಓದಿದ್ದೆ. ಮೇಲೆ ಎಥೆಲ್, ಹನ್ನೊಂದು ತಿಂಗಳು. ಅದರ ಕೆಳಗೆ, ಬೇರೆ ಉಳಿಯಿಂದ ಕೆತ್ತಿದಂತಿದ್ದ ಅಕ್ಷರಗಳಲ್ಲಿ ಮತ್ತೆ ಎಥೆಲ್, ಎರಡು ವರ್ಷ. ಆ ತಾಯಿ ಎರಡನೆಯ ಸಲ ಆ ಹೆಸರನ್ನು ಹೇಗೆ ಕೂಗಿದಳೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಕೆಲಸದವರ ಹೆಸರನ್ನೇ ಬದಲಾಯಿಸ್ತಿದ್ರು ಅಂತ ಓದಿದೆ. ನಿಜಾನಾ?

ನಿಜ. ಕೆಲವು ದೊಡ್ಡ ಮನೆಗಳಲ್ಲಿ ಹೊಸದಾಗಿ ಸೇರಿದ ಹುಡುಗಿಯ ಹೆಸರು ಏನೇ ಇರಲಿ, ಹಿಂದಿನವಳ ಹೆಸರಲ್ಲೇ ಮೇರಿ, ಎಮ್ಮಾ ಎಂದು ಕರೆಯುತ್ತಿದ್ದರು. ಗಂಡಾಳುಗಳು ಜಾನ್ ಅಥವಾ ಜೇಮ್ಸ್. ಹುಡುಗಿಯದು ಒಡತಿಯ ಮಗಳ ಹೆಸರೇ ಆಗಿದ್ದರಂತೂ ಬಿಡಲೇಬೇಕು. ಅಮ್ಮ ಇಟ್ಟ ಹೆಸರು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಈ ಚೆಂದದ ಹೆಸರುಗಳ ಪಟ್ಟಿ ಓದುವಾಗ ಇದನ್ನೂ ಮರೆಯಬಾರದು.

## ಇನ್ನೂ ಆಳಕ್ಕೆ

ಹಳೇದು ಅನ್ನಿಸಿದರೂ ಆ ಕಾಲದ್ದಲ್ಲದ ಹೆಸರು ಯಾವುದಾದ್ರೂ ಇದ್ಯಾ?

ವೆಂಡಿ. ಅದು ಹಬ್ಬಿದ್ದು 1904ರ ಒಂದು ನಾಟಕದಿಂದ, ರಾಣಿ ತೀರಿಕೊಂಡ ಮೇಲೆ. ಸೆಡ್ರಿಕ್ ಪುರಾತನ ಎನಿಸುತ್ತದೆ. ಆದರೆ ಅದು ವಾಲ್ಟರ್ ಸ್ಕಾಟ್ ಕಾದಂಬರಿಯೊಂದಕ್ಕೆ ಕಟ್ಟಿದ ಹೆಸರು, ಸೆರ್ಡಿಕ್ ಎಂಬ ಹಳೆಯ ದೊರೆಯ ಹೆಸರಿನ ಅಕ್ಷರ ಆಚೀಚೆಯಾಗಿ ಆದದ್ದು. ಶರ್ಲಿ ಗಂಡಸಿನ ಹೆಸರಾಗಿತ್ತು. ಷಾರ್ಲಟ್ ಬ್ರಾಂಟೆ 1849ರ ಕಾದಂಬರಿಯಲ್ಲಿ ನಾಯಕಿಗೆ ಅದನ್ನು ಕೊಟ್ಟ ಮೇಲೆ ಹೆಣ್ಣಿನದಾಯಿತು. ದಾಖಲೆಯಲ್ಲಿ ಎವಲಿನ್, ವಿವಿಯನ್ ಕಂಡರೂ ಹೆಂಗಸೆಂದು ತೀರ್ಮಾನಿಸಬೇಡಿ.

ಮಂಗಳೂರಿನ ನಮ್ಮ ಪಕ್ಕದ ಮನೆಯ ಅಜ್ಜಿ ಗ್ಲಾಡಿಸ್. ಅವರಿಗೆ ಆ ಹೆಸರು ಹೇಗೆ ಬಂತು?

ಗ್ಲಾಡಿಸ್ ವೇಲ್ಸ್ ನಾಡಿನ ಹೆಸರು; 1890ರ ದಶಕದಲ್ಲಿ ಇಂಗ್ಲೆಂಡಿನ ತುಂಬ ಹಬ್ಬಿತು. ಕಾನ್ವೆಂಟ್ ಶಾಲೆ, ಚರ್ಚು, ಇಂಗ್ಲಿಷ್ ಓದಿನ ಮೂಲಕ ಇಂಥವು ಕರಾವಳಿಗೂ ಬೆಂಗಳೂರಿನ ದಂಡಿಗೂ ಕೋಲಾರದ ಚಿನ್ನದ ಗಣಿಗೂ ಬಂದವು. ಅಲ್ಲಿ ಫ್ಯಾಷನ್ ಮುಗಿದ ಮೇಲೂ ಇಲ್ಲಿ ಉಳಿದವು. ಹಿಲ್ಡಾ ಬಾಯಿ, ವಿನ್ನಿ ಟೀಚರ್, ಆಲ್ಫ್ರೆಡ್ ಮಾಸ್ತರು ನಮ್ಮ ಕಿವಿಗೆ ಊರಿನ ಹೆಸರುಗಳೇ ಆಗಿವೆ.

ನಾವು ಲಂಡನ್ನಲ್ಲಿದ್ದೀವಿ. ಮಗಳಿಗೆ ಇಂಥದ್ದೊಂದು ಹೆಸರಿಟ್ಟರೆ ಹಳೇದು ಅಂತಾರಾ?

ಅನ್ನುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಮೊದಲ ಹತ್ತು ಹೆಣ್ಣು ಹೆಸರುಗಳಲ್ಲಿ ಅಮೇಲಿಯಾ, ಐವಿ, ಲಿಲಿ, ಫ್ಲಾರೆನ್ಸ್ ಇದ್ದವು. ಗಂಡುಮಕ್ಕಳಲ್ಲಿ ಜಾರ್ಜ್, ಆರ್ಥರ್, ಆರ್ಚಿ. ಅಮ್ಮನ ತಲೆಮಾರಿನದು ಹಳೆಯದೆನಿಸುತ್ತದೆ, ಮುತ್ತಜ್ಜಿಯದು ಹೊಸತಾಗುತ್ತದೆ.

ಊರಿನ ಅಜ್ಜಿಯ ಬಾಯಲ್ಲಿ ಒಮ್ಮೆ ಹೇಳಿಸಿ ನೋಡಿ ಅನ್ನುವುದೇ ನನ್ನ ಸಲಹೆ. ಮಾಡ್ ಎಂದರೆ ಏನು ಮಾಡಲಿ ಎಂದಾರು, ನೆಲ್ ಭತ್ತವಾದೀತು. ಲಿಲಿ, ಫ್ಲೋರಾ, ಕ್ಲಾರಾ ಸಲೀಸು. ವೀರಾ ರಷ್ಯನ್ ಭಾಷೆಯಲ್ಲಿ ನಂಬಿಕೆ, ಕನ್ನಡದಲ್ಲಿ ಏನೆಂದು ನಿಮಗೇ ಗೊತ್ತು. ಎರಡೂ ಕಡೆ ನಿಲ್ಲುವ ಹೆಸರು.

ನಮ್ಮ ಮುತ್ತಜ್ಜಿಯ ಹೆಸರನ್ನು ದಾಖಲೆಯಲ್ಲಿ ಹುಡುಕೋದು ಹೇಗೆ?

ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ನಂಬಬೇಡಿ, ಅದರ ಹಿಂದಿನ ಪೂರ್ತಿ ಹೆಸರನ್ನು ಊಹಿಸಿ: ಎಫಿ ಎಂದರೆ ಯೂಫೀಮಿಯಾ, ಫ್ಯಾನಿ ಎಂದರೆ ಫ್ರಾನ್ಸಿಸ್. ಕಾಗುಣಿತದ ಹಟ ಬಿಡಿ. ಹೆಬ್ಬೆರಳಿನ ಬದಲು ಗುಣಾಕಾರದ ಗುರುತು ಹಾಕುತ್ತಿದ್ದ ಕಾಲ, ನೋಂದಣಿ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. 1875ಕ್ಕೆ ಮೊದಲು ನೋಂದಾಯಿಸದಿದ್ದರೆ ದಂಡದ ಭಯವೂ ಇರಲಿಲ್ಲವಾದ್ದರಿಂದ ಕೆಲವರು ಪುಸ್ತಕದಲ್ಲೇ ಇಲ್ಲ. 1841ರ ಜನಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಗಮನವಿರಲಿ. ಭಾರತದಲ್ಲಿ ಹುಟ್ಟಿದವರಾದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ಚರ್ಚು ವಿಭಾಗ ನೋಡಿ. ಬೆಂಗಳೂರು, ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯ ಸಾಲಿನಲ್ಲಿ ಸಿಗುತ್ತವೆ.

ಕೊಡಗಿನ ರಾಜಕುಮಾರಿಗೆ ರಾಣಿ ತನ್ನ ಹೆಸರನ್ನೇ ಕೊಟ್ಟಳಂತೆ, ಹೌದಾ?

ಹೌದು. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರನನ್ನು ಕಂಪನಿ ಕಾಶಿಯಲ್ಲಿ ಇರಿಸಿತ್ತು. ಮಗಳು ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ಅವನು ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹುಡುಗಿಗೆ ದೀಕ್ಷಾಸ್ನಾನವಾಯಿತು. ಧರ್ಮತಾಯಿಯಾಗಿ ನಿಂತವಳು ರಾಣಿ. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ.

ಗೌರಿ ಹೋಗಲಿಲ್ಲ, ಹಿಂದಕ್ಕೆ ಸರಿದಳು. ಹನ್ನೊಂದು ವರ್ಷದ ಮಗುವಿಗೆ ಹೆಸರು ಬದಲಾಗುವುದೆಂದರೆ ಏನೆಂದು ಆ ಅರಮನೆಯಲ್ಲಿ ಅವಳನ್ನು ಕನ್ನಡದಲ್ಲಿ ಕೇಳುವವರು ಎಷ್ಟು ಜನರಿದ್ದರು? 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನೊಂದಿಗೆ ಮದುವೆಯಾಯಿತು, ಮರುವರ್ಷ ಹೆಣ್ಣುಮಗು. 1864ರಲ್ಲಿ ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಮಗಳಿಗೆ ಇಟ್ಟ ಮೊದಲ ಹೆಸರು ಆಗಿನ ಇಂಗ್ಲೆಂಡ್ ಮೆಚ್ಚಿ ಎತ್ತಿಕೊಂಡಿದ್ದ ಹಳೆಯ ಹೆಸರು, ಎರಡನೆಯದು ರಾಣಿಯದು, ಮೂರನೆಯದು ಅಮ್ಮನದು: ಈಡಿತ್ ವಿಕ್ಟೋರಿಯಾ ಗೌರಮ್ಮ.